ಮೂರು ಬೇಸಿಗೆಯ ಬೆವರು: ಒಂದು ರೋಲ್-ಆನ್, ನಾಲ್ಕು ಬನಿಯನ್, ಒಂದು ತೇವ ಎಳೆಯುವ ಯಂತ್ರ

ಮೂರು ವರ್ಷದ ಹಿಂದಿನ ಮಾತು. ಮಧ್ಯಾಹ್ನದ ಪೀರಿಯಡ್. ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನೀವು ಬೋರ್ಡಿನ ಕೆಳಗಡೆನೇ ಬರೀತೀರಿ, ಇಲ್ಲಿಗೆ ಕಾಣಲ್ಲ" ಅಂದಳು. ಅವಳು ಹೇಳಿದ್ದು ನಿಜ. ಮೇಲೆ ಬರೆಯಬೇಕಾದರೆ ಕೈ ಎತ್ತಬೇಕು. ಕೈ ಎತ್ತಿದರೆ ಕಂಕುಳಿನ ಒದ್ದೆ ಕಲೆ ಇಡೀ ತರಗತಿಗೆ ಕಾಣುತ್ತದೆ. ನನಗೇ ಗೊತ್ತಾಗದ ಹಾಗೆ ಬೋರ್ಡಿನ ಮೇಲಿನ ಅರ್ಧವನ್ನು ನಾನು ಬಿಟ್ಟೇ ಬಿಟ್ಟಿದ್ದೆ.

ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಮುಜುಗರಕ್ಕೆ ಹಿಂದಿನ ಬೆಂಚಿನ ಮಕ್ಕಳು ಪಾಠ ಕಳೆದುಕೊಂಡರಲ್ಲ ಅಂತ ಮನಸ್ಸಿಗೆ ತುಂಬ ಚುಚ್ಚಿತು. ಮಾರನೇ ದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಏನು ಕೊಂಡೆ, ಹೇಗೆ ಬಳಸಿದೆ, ಎಷ್ಟು ಫರಕ್ ಆಯಿತು, ಎಲ್ಲ ಅದರಲ್ಲಿದೆ. ಈ ಬರಹ ಆ ನೋಟ್‌ಬುಕ್‌ನಿಂದ ಬಂದದ್ದು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನೀವಿರುವ ಕಡೆ ಬೇರೆ ಬ್ರ್ಯಾಂಡ್ ಸಿಗಬಹುದು. ಆದರೆ ಡಬ್ಬಿಯ ಹಿಂದೆ ಏನು ಓದಬೇಕು ಅನ್ನುವುದು ಎಲ್ಲ ಕಡೆಯೂ ಒಂದೇ.

ಮೊದಲು ಕೊಂಡದ್ದು ಗಾಳಿಯ ತೇವ ಅಳೆಯುವ ಮೀಟರ್. ಅಂಗೈಯಗಲದ್ದು, ಒಂದು ಪುಟ್ಟ ಬ್ಯಾಟರಿಯಲ್ಲಿ ನಡೆಯುತ್ತದೆ, ಉಷ್ಣಾಂಶ ಮತ್ತು ತೇವ ಎರಡನ್ನೂ ತೋರಿಸುತ್ತದೆ. ಇದರಿಂದ ಏನು ಉಪಯೋಗ ಅಂತ ಮನೆಯಲ್ಲಿ ಕೇಳಿದರು. ಒಂದೇ ವಾರದಲ್ಲಿ ಉತ್ತರ ಸಿಕ್ಕಿತು. ಸೋಮವಾರ ಸಂಜೆ ಕೋಣೆಯಲ್ಲಿ 31 ಡಿಗ್ರಿ, ತೇವ 48 ಶೇಕಡಾ. ಹಾಯಾಗಿ ಕೂತು ಪೇಪರ್ ತಿದ್ದಿದೆ. ಶುಕ್ರವಾರ ಸಂಜೆ ಮತ್ತೆ ಅದೇ 31 ಡಿಗ್ರಿ, ಆದರೆ ತೇವ 79. ಮೊಣಕೈ ಮೇಜಿಗೆ ಅಂಟಿತು, ಉತ್ತರಪತ್ರಿಕೆಯ ಮೇಲೆ ಹನಿ ಬಿತ್ತು. ನಾನು ಅಷ್ಟು ವರ್ಷ ಬಿಸಿಲನ್ನೇ ಬೈಯುತ್ತಿದ್ದೆ. ಅರ್ಧ ಕಷ್ಟ ತೇವದ್ದಾಗಿತ್ತು.

ಬೆವರು ಮೈಯನ್ನು ತಂಪು ಮಾಡುವುದು ಸುರಿದಾಗ ಅಲ್ಲ, ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 2400 ಕಿಲೋಜೌಲ್ ಶಾಖ ಹೋಗುತ್ತದೆ. ಅದೇ ಒಂದು ಲೀಟರ್ ಬೆನ್ನ ಮೇಲಿಂದ ನೆಲಕ್ಕೆ ತೊಟ್ಟಿಕ್ಕಿದರೆ ಹೆಚ್ಚೇನೂ ಸಿಗುವುದಿಲ್ಲ, ನೀರು ಮತ್ತು ಉಪ್ಪು ಹೋದದ್ದಷ್ಟೇ. ಸುತ್ತಲಿನ ಗಾಳಿಯಲ್ಲಿ ಆಗಲೇ ಆವಿ ತುಂಬಿದ್ದರೆ ನಮ್ಮ ಬೆವರಿಗೆ ಅಲ್ಲಿ ಜಾಗ ಇರುವುದಿಲ್ಲ. ಅದಕ್ಕೇ ಒಣ ಸೆಕೆಗಿಂತ ಹಸಿ ಸೆಕೆ ಮೈಯನ್ನು ಹಿಂಡಿಹಾಕುತ್ತದೆ. ಇದು ತಲೆಗೆ ಹೋದ ಮೇಲೆ ನಾನು ಯಾವ ಸಾಮಾನು ನೋಡಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಬೆವರನ್ನು ಆರಿಸುತ್ತದಾ, ಸುಮ್ನೆ ಮುಚ್ಚುತ್ತದಾ?

ಮೀಟರಿನ ಬಗ್ಗೆ ಇನ್ನೊಂದು ಮಾತು. ಇಂಥ ಚಿಕ್ಕ ಮೀಟರ್‌ಗಳು ಐದಾರು ಅಂಕ ತಪ್ಪು ತೋರಿಸುವುದುಂಟು. ಪರೀಕ್ಷೆ ಮಾಡುವುದು ಸುಲಭ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ. ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗಿನ ತೇವ 75 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ನನ್ನದು 71 ತೋರಿಸಿತು. ಅವತ್ತಿನಿಂದ ಅದು ಹೇಳಿದ್ದಕ್ಕೆ 4 ಸೇರಿಸಿ ಓದುತ್ತೇನೆ. ಮೇಲೆ ಬರೆದ ಅಂಕೆಗಳೂ ಹಾಗೆ ಸೇರಿಸಿದವೇ.

ಈಗ ಕಂಕುಳಿನ ವಿಷಯ. ಇಲ್ಲಿ ನಾನು ತುಂಬ ವರ್ಷ ತಪ್ಪು ಸಾಮಾನು ಕೊಂಡೆ. ಡಿಯೋಡರೆಂಟ್ ಬೇರೆ, ಆಂಟಿಪರ್ಸ್ಪಿರಂಟ್ ಬೇರೆ. ಡಿಯೋ ವಾಸನೆಗೆ ಮಾತ್ರ. ಬೆವರು ಬರುವುದು ಬಂದೇ ಬರುತ್ತದೆ. ಆಂಟಿಪರ್ಸ್ಪಿರಂಟ್ ಬೆವರು ಹೊರಗೆ ಬರುವುದನ್ನೇ ಕಡಿಮೆ ಮಾಡುತ್ತದೆ. ಎರಡೂ ಒಂದೇ ಕಪಾಟಿನಲ್ಲಿ ಒಂದೇ ಥರದ ಬಾಟಲಿಯಲ್ಲಿ ಇರುತ್ತವೆ. ಮುಂದೆ ದಪ್ಪ ಅಕ್ಷರದಲ್ಲಿ 48 ಗಂಟೆ, 72 ಗಂಟೆ ಅಂತೆಲ್ಲ ಬರೆದಿರುತ್ತದೆ. ಅದನ್ನು ಬಿಟ್ಟು ಬಾಟಲಿ ತಿರುಗಿಸಿ ಹಿಂದೆ ಓದಿ. ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಅಥವಾ ಅಲ್ಯೂಮಿನಿಯಂ ಜಿರ್ಕೋನಿಯಂ ಅಂತ ಇದ್ದರೆ ಅದು ಆಂಟಿಪರ್ಸ್ಪಿರಂಟ್. ಅಲ್ಯೂಮಿನಿಯಂ ಇಲ್ಲ ಅಂದರೆ ಬರೀ ಸುವಾಸನೆ ಮತ್ತು ಕೀಟಾಣು ತಡೆಯುವ ಒಂದೆರಡು ಸಾಮಗ್ರಿ.

ನಾನು ಆರಿಸಿದ್ದು ವಾಸನೆಯೇ ಇಲ್ಲದ ರೋಲ್-ಆನ್. ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಇರುವಂಥದು. ಮೊದಲ ತಿಂಗಳು ಫಲಿತಾಂಶ ಸೊನ್ನೆ. ಸಿಟ್ಟು ಬಂದು ಎಸೆಯಲು ಹೊರಟಿದ್ದೆ. ಅಷ್ಟರಲ್ಲಿ ಬೆವರುಸಾಲೆ ತೋರಿಸಲು ಚರ್ಮದ ಡಾಕ್ಟರ ಹತ್ತಿರ ಹೋಗಬೇಕಾಯಿತು. ಮಾತಿನ ನಡುವೆ ಇದನ್ನೂ ಹೇಳಿದೆ.

"ಮೇಷ್ಟ್ರೇ, ಯಾವಾಗ ಹಚ್ಚಿಕೊಳ್ತೀರಿ?" ಅಂತ ಕೇಳಿದರು.

"ಬೆಳಗ್ಗೆ, ಸ್ನಾನ ಆದ ಕೂಡಲೇ ಡಾಕ್ಟ್ರೇ."

"ಅಲ್ಲೇ ತಪ್ಪಿರೋದು. ರಾತ್ರಿ ಮಲಗೋ ಮುಂಚೆ ಹಚ್ಚಿ. ಚರ್ಮ ಪೂರ್ತಿ ಒಣಗಿರಬೇಕು."

ಕಾರಣವನ್ನೂ ಬಿಡಿಸಿ ಹೇಳಿದರು. ಈ ಅಲ್ಯೂಮಿನಿಯಂ ಉಪ್ಪು ಬೆವರಿನ ನಾಳದ ಬಾಯಿಗೆ ಹೋಗಿ, ಅಲ್ಲಿ ಜೆಲ್ಲಿಯ ಹಾಗೆ ಗಟ್ಟಿಯಾಗಿ ಒಂದು ಪುಟ್ಟ ಬಿರಡೆ ಆಗುತ್ತದೆ. ಅದಕ್ಕೆ ಸಮಯ ಬೇಕು. ಬೆಳಗ್ಗೆ ಸ್ನಾನ ಮುಗಿಸಿ ಒದ್ದೆ ಮೈಗೆ ಹಚ್ಚಿ ಬಿಸಿಲಿಗೆ ಹೊರಟರೆ, ಬಿರಡೆ ಕೂರುವ ಮೊದಲೇ ಬೆವರು ಅದನ್ನು ತೊಳೆದು ಹೊರಗೆ ಹಾಕುತ್ತದೆ. ರಾತ್ರಿ ಬೆವರಿನ ಗ್ರಂಥಿಗಳು ಸ್ವಲ್ಪ ಸುಮ್ಮನಿರುತ್ತವೆ. ಆಗ ಹಚ್ಚಿದ್ದು ನೆಲೆ ನಿಲ್ಲುತ್ತದೆ. ಬೆಳಗ್ಗೆ ಸ್ನಾನ ಮಾಡಿದರೂ ಹೋಗುವುದಿಲ್ಲ, ಏಕೆಂದರೆ ಅದು ಚರ್ಮದ ಮೇಲೆ ಇರುವುದಲ್ಲ, ನಾಳದ ಒಳಗೆ ಇರುವುದು.

ಅವತ್ತಿನಿಂದ ಲೆಕ್ಕ ಇಟ್ಟೆ. ಕಲೆ ಚೆನ್ನಾಗಿ ಕಾಣುವ ಬೂದು ಬಣ್ಣದ ಅಂಗಿ. ನಾಲ್ಕನೇ ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಸ್ಕೇಲಿನಿಂದ ಕಲೆಯ ಅಗಲ ಅಳೆಯುತ್ತಿದ್ದೆ. ಮೊದಲ ದಿನ 14 ಸೆಂಟಿಮೀಟರ್. ಎರಡನೇ ದಿನವೂ 14. ನಾಲ್ಕನೇ ದಿನ 9. ಏಳನೇ ದಿನ 5. ಅಲ್ಲಿಗೆ ನಿಂತಿತು. ಪೂರ್ತಿ ಒಣಗಿ ಹೋಗುವುದನ್ನು ಕಾಯಬೇಡಿ. ಅಮೆರಿಕದ ಔಷಧ ನಿಯಮದಲ್ಲಿ ಒಂದು ಸಾಮಾನನ್ನು ಆಂಟಿಪರ್ಸ್ಪಿರಂಟ್ ಅಂತ ಮಾರಲು ಅದು ಬೆವರನ್ನು 20 ಶೇಕಡಾ ಕಡಿಮೆ ಮಾಡಿದರೆ ಸಾಕು. ಹೆಚ್ಚುವರಿ ಪರಿಣಾಮ ಅಂತ ಬರೆದುಕೊಳ್ಳಲು 30. ನನಗೆ 5 ಸೆಂಟಿಮೀಟರ್ ಸಾಕಾಗಿತ್ತು. ಎಂಟನೇ ದಿನ ದಿನಾಂಕವನ್ನು ಬೋರ್ಡಿನ ಎಡಗಡೆ, ಎಲ್ಲಕ್ಕಿಂತ ಮೇಲೆ ಬರೆದೆ. ಅಂದಿನಿಂದ ದಿನಾಂಕ ಅಲ್ಲೇ.

ಈಗ ವಾರಕ್ಕೆ ಎರಡು ರಾತ್ರಿ ಮಾತ್ರ ಹಚ್ಚುತ್ತೇನೆ, ಪರಿಣಾಮ ಹಾಗೇ ಉಳಿದಿದೆ. ಹಾಗಾಗಿ ಬಾಟಲಿ ತುಂಬ ದಿನ ಬರುತ್ತದೆ.

ತೊಂದರೆಯೂ ಆಗಿದೆ, ಅದನ್ನೂ ಬರೆಯಬೇಕು. ಎರಡನೇ ವಾರ ಕಂಕುಳಿನಲ್ಲಿ ಉರಿ ಮತ್ತು ತುರಿಕೆ. ಅವತ್ತು ಬೆಳಗ್ಗೆ ಕೂದಲು ತೆಗೆದು, ರಾತ್ರಿಯೇ ಹಚ್ಚಿದ್ದೆ. ಬ್ಲೇಡು ತಾಗಿದ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ, ಈ ಉಪ್ಪು ಸ್ವಲ್ಪ ಆಮ್ಲೀಯ. ಈಗ ಕೂದಲು ತೆಗೆದರೆ ಮಧ್ಯೆ ಒಂದು ದಿನ ಬಿಡುತ್ತೇನೆ. ಇನ್ನು ಬಿಳಿ ಅಂಗಿಯ ಹಳದಿ ಕಲೆ. ಬೆವರು ಮತ್ತು ಈ ಅಲ್ಯೂಮಿನಿಯಂ ಸೇರಿ ಆಗುವುದು ಅದು. ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಜಾಸ್ತಿಯಾಗುತ್ತದೆ, ಹಾಕಬೇಡಿ. ರಾತ್ರಿ ಹಚ್ಚಿ ಬೆಳಗ್ಗೆ ತೊಳೆದುಕೊಳ್ಳಲು ಶುರು ಮಾಡಿದ ಮೇಲೆ ಹೊಸ ಅಂಗಿಗಳಲ್ಲಿ ಕಲೆ ತುಂಬ ಕಡಿಮೆ.

ಸಹೋದ್ಯೋಗಿಯೊಬ್ಬರು ಇದರಿಂದ ಸ್ತನ ಕ್ಯಾನ್ಸರ್ ಬರುತ್ತದಂತಲ್ಲ ಅಂತ ಹೆದರಿ ಕೇಳಿದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅಂಥ ಸಂಬಂಧಕ್ಕೆ ಸ್ಪಷ್ಟ ಪುರಾವೆ ಇಲ್ಲ ಅನ್ನುತ್ತದೆ. ಆದರೆ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಆ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಹಾಕಬೇಕು ಅಂತ ಅಲ್ಲಿ ನಿಯಮವೇ ಇದೆ. ಮೈತುಂಬ ಹಚ್ಚುವ ಸಾಮಾನೂ ಇದಲ್ಲ. ಕಂಕುಳು ಚಿಕ್ಕ ಜಾಗ, ಅಲ್ಲಿ ತಡೆದರೆ ಮೈಗೆ ತೊಂದರೆಯಿಲ್ಲ. ಬೆನ್ನು, ಎದೆ, ಹಣೆ ಬೆವರಲೇ ಬೇಕು. ತಂಪಾದ ಕೋಣೆಯಲ್ಲಿ ಸುಮ್ನೆ ಕೂತಿದ್ದಾಗಲೂ ಅಂಗೈಯಿಂದ ಬೆವರು ತೊಟ್ಟಿಕ್ಕುವಷ್ಟು ಇದ್ದರೆ, ಅದು ರೋಲ್-ಆನ್ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಬೇರೆ ಚಿಕಿತ್ಸೆಗಳಿವೆ. ರಾತ್ರಿ ಹೊತ್ತು ಬಟ್ಟೆ ನೆನೆಯುವಷ್ಟು ಬೆವರು ಹೊಸದಾಗಿ ಶುರುವಾಗಿ, ಜೊತೆಗೆ ಜ್ವರ ಬಂದರೆ ಅಥವಾ ತೂಕ ಇಳಿದರೆ ತಡ ಮಾಡದೆ ಡಾಕ್ಟರನ್ನು ನೋಡಿ.

ಪೌಡರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಣ ಮೈಗೆ ಹಾಕಿದರೆ ಅರ್ಧ ಗಂಟೆ ನುಣುಪು, ಆಮೇಲೆ ಬೆವರು ಬಂದಾಗ ಹಿಟ್ಟು ಕಲಸಿದ ಹಾಗೆ ಮಡಿಕೆಗಳಲ್ಲಿ ಕೂರುತ್ತದೆ. ಇಂಥ ಪೌಡರಿನಲ್ಲಿ ಬಳಸುವ ಟಾಲ್ಕ್ ಅನ್ನುವ ಖನಿಜವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ 2ಎ ಗುಂಪಿಗೆ, ಅಂದರೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ನಾನು ಬಿಟ್ಟೆ, ಕೊರತೆ ಅನ್ನಿಸಲಿಲ್ಲ.

ಇನ್ನು ಬನಿಯನ್. ಇದರ ಮೇಲೆ ನಾನು ಒಂದು ಬೇಸಿಗೆಯನ್ನೇ ಕಳೆದೆ, ಯಾಕೆಂದರೆ ಎಲ್ಲರೂ ಒಂದೊಂದು ಹೇಳುತ್ತಾರೆ. ಹತ್ತಿಯೇ ಒಳ್ಳೆಯದು ಅನ್ನುವವರು ಒಂದು ಕಡೆ, ಆಟಗಾರರು ಹಾಕುವ ಪಾಲಿಯೆಸ್ಟರ್ ಒಳ್ಳೆಯದು ಅನ್ನುವವರು ಇನ್ನೊಂದು ಕಡೆ. ನಾಲ್ಕು ಥರದ್ದು ತಂದೆ. ಅಡುಗೆಮನೆಯ ತಕ್ಕಡಿ ಇತ್ತು. ಬೆಳಗ್ಗೆ ಹಾಕಿಕೊಳ್ಳುವ ಮೊದಲು ತೂಕ, ಸಂಜೆ ಬಿಚ್ಚಿದ ಕೂಡಲೇ ತೂಕ, ಆಮೇಲೆ ಫ್ಯಾನಿನ ಕೆಳಗೆ ತಂತಿಗೆ ಹಾಕಿ ಬೆಳಗಿನ ತೂಕಕ್ಕೆ ಬರಲು ಎಷ್ಟು ಹೊತ್ತು ಅಂತ ಗಡಿಯಾರ. ಪ್ರತಿಯೊಂದನ್ನೂ ಆರು ದಿನ ಹಾಕಿದೆ.

ದಪ್ಪ ಹತ್ತಿ ಬನಿಯನ್ ಬೆಳಗ್ಗೆ 148 ಗ್ರಾಂ, ಸಂಜೆ 221. ಅಂದರೆ 73 ಗ್ರಾಂ ಬೆವರನ್ನು ನಾನು ಬೆನ್ನ ಮೇಲೆ ಹೊತ್ತುಕೊಂಡು ಓಡಾಡಿದ್ದೆ. ಒಣಗಲು ಮೂರು ಗಂಟೆಗಿಂತ ಜಾಸ್ತಿ. ಪಾಲಿಯೆಸ್ಟರ್ 96 ಇದ್ದದ್ದು 118 ಆಯಿತು, 50 ನಿಮಿಷದಲ್ಲಿ ಒಣಗಿತು. ತೆಳ್ಳಗಿನ, ಸಡಿಲ ಹೆಣಿಗೆಯ ಹತ್ತಿ 92ರಿಂದ 131, ಒಣಗಲು ಒಂದು ಗಂಟೆ 20 ನಿಮಿಷ. ನಾಲ್ಕನೆಯದು ತೆಳು ಮೆರಿನೊ ಉಣ್ಣೆ, 110ರಿಂದ 140, ಸುಮಾರು ಎರಡು ಗಂಟೆ.

ಹತ್ತಿಯ ನೂಲು ನೀರನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ. ಸಾಧಾರಣ ಗಾಳಿಯಲ್ಲಿ ಸುಮ್ನೆ ಇಟ್ಟ ಹತ್ತಿಯಲ್ಲೇ ಅದರ ಒಣ ತೂಕದ ಎಂಟು ಶೇಕಡಾದಷ್ಟು ನೀರಿರುತ್ತದೆ. ಪಾಲಿಯೆಸ್ಟರಿನಲ್ಲಿ ಅರ್ಧ ಶೇಕಡಾ ಕೂಡ ಇರುವುದಿಲ್ಲ. ನೀರು ಅದರ ಎಳೆಗಳ ನಡುವೆ ಹರಡಿ ಬೇಗ ಆರುತ್ತದೆ. ಲೆಕ್ಕದಲ್ಲಿ ಪಾಲಿಯೆಸ್ಟರ್ ಗೆಲ್ಲಬೇಕು, ಅಲ್ವಾ? ಮೂರನೇ ದಿನ ಗೊತ್ತಾಯಿತು. ಒಗೆದು ಒಣಗಿಸಿದ ಪಾಲಿಯೆಸ್ಟರ್ ಬನಿಯನ್ ಮೂಗಿಗೆ ಹಿಡಿದರೆ ವಾಸನೆಯಿಲ್ಲ. ಹಾಕಿಕೊಂಡು ಹತ್ತು ನಿಮಿಷ, ಮೈ ಬಿಸಿ ತಾಗಿದ ಕೂಡಲೇ ಹಳೇ ವಾಸನೆ ಎದ್ದು ಬಂತು.

ಬೆವರಿಗೆ ಸ್ವಂತದ್ದೊಂದು ಕೆಟ್ಟ ವಾಸನೆ ಇಲ್ಲ. ಕಂಕುಳಿನ ಬೇರೆ ಜಾತಿಯ ಗ್ರಂಥಿಗಳಿಂದ ಬರುವ ಜಿಡ್ಡಿನಂಥ ದ್ರವವನ್ನು ಚರ್ಮದ ಬ್ಯಾಕ್ಟೀರಿಯಾ ಒಡೆದಾಗ ವಾಸನೆ ಹುಟ್ಟುತ್ತದೆ. ಆ ಗ್ರಂಥಿಗಳು ಚುರುಕಾಗುವುದು ಹರೆಯದಲ್ಲಿ. ಎಂಟನೇ ತರಗತಿಗೆ ಮಧ್ಯಾಹ್ನ ಹೋಗುವ ಯಾವ ಶಿಕ್ಷಕರಿಗೂ ಇದು ಗೊತ್ತು. ಆ ಮಕ್ಕಳಿಗೆ ಯಾರೂ ಇದನ್ನು ಮೆತ್ತಗೆ ಕೂರಿಸಿ ಹೇಳಿರುವುದಿಲ್ಲ, ಹೇಳಬೇಕು. ಜಿಡ್ಡು ಪಾಲಿಯೆಸ್ಟರಿಗೆ ಗಟ್ಟಿಯಾಗಿ ಅಂಟುತ್ತದೆ, ಒಗೆದರೂ ಪೂರ್ತಿ ಬಿಡುವುದಿಲ್ಲ. 2014ರಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ವ್ಯಾಯಾಮ ಮಾಡಿದ 26 ಜನರ ಅಂಗಿಗಳನ್ನು ಪರೀಕ್ಷಿಸಿದ್ದರು. ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳೇ ಹೆಚ್ಚು ನಾರುತ್ತಿದ್ದವು. ವಾಸನೆ ಮಾಡುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಅವುಗಳ ಮೇಲೆ ಚೆನ್ನಾಗಿ ಬೆಳೆದಿದ್ದವು. ನನ್ನ ಮೂಗು ಹೇಳಿದ್ದೂ ಅದೇ.

ಮೆರಿನೊ ನಿಜವಾಗಿಯೂ ಆಶ್ಚರ್ಯ. ಮೂರು ದಿನ ಒಗೆಯದೆ ಹಾಕಿದರೂ ವಾಸನೆಯಿಲ್ಲ. ಆದರೆ ಬಿಸಿನೀರು ಆಗದು, ನುಸಿ ತಿನ್ನುತ್ತದೆ, ಹಸಿ ಸೆಕೆಯಲ್ಲಿ ಮೈಗೆ ಸ್ವಲ್ಪ ಚುಚ್ಚುತ್ತದೆ. ಪ್ರಯಾಣಕ್ಕೆ ಸರಿ. ದಿನನಿತ್ಯಕ್ಕೆ ನಾನು ಉಳಿಸಿಕೊಂಡದ್ದು ತೆಳು ಹತ್ತಿ. ಜೊತೆಗೆ ಒಂದು ಅಭ್ಯಾಸ: ಬ್ಯಾಗಿನಲ್ಲಿ ಇನ್ನೊಂದು ಬನಿಯನ್ ಇರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಮುಖ, ಕತ್ತು, ಕಂಕುಳು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಟವೆಲಿನಲ್ಲಿ ಒತ್ತಿ, ಬನಿಯನ್ ಬದಲಿಸುತ್ತೇನೆ. ನಾಲ್ಕು ನಿಮಿಷದ ಕೆಲಸ. ಈ ಮೂರು ವರ್ಷದಲ್ಲಿ ಕೊಂಡ ಎಲ್ಲದರಲ್ಲಿ ಮಧ್ಯಾಹ್ನದ ನನ್ನ ಪಾಠವನ್ನು ಹೆಚ್ಚು ಬದಲಿಸಿದ್ದು ಈ ಎರಡನೇ ಬನಿಯನ್.

ಒಗೆಯುವುದರಲ್ಲೂ ಒಂದು ಪಾಠ ಕಲಿತೆ. ಮಳೆಗಾಲದಲ್ಲಿ ಎರಡು ದಿನ ಒಣಗದ ಬಟ್ಟೆಗೆ ಒಂದು ಕಮಟು ವಾಸನೆ ಬರುತ್ತದಲ್ಲ, ಅದು ಸೋಪು ಕಡಿಮೆಯಾಗಿ ಬರುವುದಲ್ಲ. 2012ರಲ್ಲಿ ಜಪಾನಿನ ಸಂಶೋಧಕರು ಆ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಕಾರಣ ಅಂತ ತೋರಿಸಿದರು. ಒಣಗಿಸಿದರೂ ಬಿಸಿಲಿನ ಕಿರಣ ಬಿದ್ದರೂ ಅದು ಸುಲಭಕ್ಕೆ ಸಾಯುವುದಿಲ್ಲ. ಅದಕ್ಕೇ ಒಮ್ಮೆ ವಾಸನೆ ಹಿಡಿದ ಟವೆಲು ಬಿಸಿಲಲ್ಲಿ ಗರಿಗರಿಯಾಗಿ ಒಣಗಿದರೂ, ಮತ್ತೆ ಒದ್ದೆಯಾದ ಕೂಡಲೇ ನಾರುತ್ತದೆ. ಸುವಾಸನೆಯ ದ್ರವ ಹಾಕಿ ನೋಡಿದೆ, ಮೇಲೊಂದು ಹೂವಿನ ವಾಸನೆ ಬಂತು, ಕೆಳಗಿನದು ಹಾಗೇ ಇತ್ತು. 60 ಡಿಗ್ರಿ ಬಿಸಿನೀರಲ್ಲಿ ಒಗೆದ ಮೇಲೆ ಹೋಯಿತು. ಈಗ ಟವೆಲು, ಬನಿಯನ್, ಒಳಉಡುಪಿಗೆ ಬಿಸಿನೀರು. ತಂತಿಯ ಮೇಲೆ ಎರಡು ಬಟ್ಟೆಯ ನಡುವೆ ಒಂದು ಗೇಣು ಜಾಗ. ಮಳೆ ಇದ್ದರೆ ಕೆಳಗಿನಿಂದ ಫ್ಯಾನ್.

ಈಗ ದೊಡ್ಡ ಸಾಮಾನು, ಡಿಹ್ಯುಮಿಡಿಫೈಯರ್. ಗಾಳಿಯ ತೇವ ಎಳೆಯುವ ಯಂತ್ರ. ಎಸಿ ಇಲ್ಲದ ಕೋಣೆಗೆ ತಂದೆ. ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯಲು ಶುರುವಾಗಿತ್ತು, ಬಟ್ಟೆಗಳಿಗೆ ಕೂಡ.

ಕೆಲಸ ಸರಳ. ಒಳಗೆ ಒಂದು ತಣ್ಣನೆಯ ಸುರುಳಿ ಇರುತ್ತದೆ. ಗಾಳಿ ಅದರ ಮೇಲೆ ಹಾದಾಗ ಆವಿ ನೀರಾಗಿ ತೊಟ್ಟಿಗೆ ಬೀಳುತ್ತದೆ, ಒಣ ಗಾಳಿ ಹೊರಗೆ ಬರುತ್ತದೆ. ಎಸಿ ಕೂಡ ಹುಟ್ಟಿದ್ದು ಇದೇ ಕೆಲಸಕ್ಕೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಮೊದಲ ಯಂತ್ರ ರೂಪಿಸಿದ್ದು ಜನರ ಸೆಕೆಗೆ ಅಲ್ಲ. ಅಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಕಾಗದಕ್ಕೆ ಬೇಕಾದ ಒಣ ಗಾಳಿ ಆಮೇಲೆ ನಮಗೂ ಸಿಕ್ಕಿತು.

ನನ್ನ ಯಂತ್ರದ ಮೇಲೆ ದಿನಕ್ಕೆ 12 ಲೀಟರ್ ಅಂತ ಬರೆದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ: 30 ಡಿಗ್ರಿ, 80 ಶೇಕಡಾ ತೇವದಲ್ಲಿ. ಕೊಳ್ಳುವಾಗ ಈ ಸಣ್ಣ ಅಕ್ಷರ ಓದಲೇಬೇಕು. ಕೋಣೆ ಒಣಗುತ್ತ ಹೋದ ಹಾಗೆ ಅದು ಎಳೆಯುವ ನೀರೂ ಇಳಿಯುತ್ತದೆ. ನನ್ನ ಕೋಣೆಯಲ್ಲಿ ಒಂದು ವಾರದ ಮೇಲೆ ದಿನಕ್ಕೆ ಐದು ಲೀಟರ್ ದಾಟುವುದಿಲ್ಲ.

ಮೊದಲ ರಾತ್ರಿ ಒಂದು ವಿಚಿತ್ರ ಕಂಡೆ. ಕೋಣೆ 36 ಘನ ಮೀಟರ್. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಹಿಡಿಯುತ್ತದೆ. 80 ಶೇಕಡಾ ಅಂದರೆ 24 ಗ್ರಾಂ. ಇಡೀ ಕೋಣೆಯ ಗಾಳಿಯಲ್ಲಿ ಇದ್ದದ್ದು ಒಂದು ಲೀಟರಿಗಿಂತ ಕಡಿಮೆ ನೀರು. ಆದರೆ ಬೆಳಗ್ಗೆ ತೊಟ್ಟಿಯಲ್ಲಿ ಮೂರು ಲೀಟರ್! ಉಳಿದದ್ದು ಎಲ್ಲಿಂದ ಬಂತು? ಹಾಸಿಗೆಯಿಂದ, ಪುಸ್ತಕಗಳಿಂದ, ಗೋಡೆಯಿಂದ, ಬಟ್ಟೆಗಳಿಂದ, ಬಾಗಿಲ ಸಂದಿನಿಂದ, ನನ್ನ ಉಸಿರಿನಿಂದ. ಮನೆಯ ಸಾಮಾನುಗಳೆಲ್ಲ ನೀರು ಕುಡಿದು ಕೂತಿದ್ದವು. ಹತ್ತು ದಿನ ಓಡಿಸಿದ ಮೇಲೆ ಪುಸ್ತಕದ ಹಾಳೆ ತಿರುಗಿಸಿದರೆ ಸದ್ದು ಬರತೊಡಗಿತು. ಆ ಸದ್ದನ್ನು ನಾನು ಮರೆತೇ ಬಿಟ್ಟಿದ್ದೆ.

ಇದರ ದೊಡ್ಡ ಕೊರತೆ ಶಾಖ. ಇದು ಎಸಿ ಅಲ್ಲ. ಎಸಿ ಶಾಖವನ್ನು ಹೊರಗೆ ಹಾಕುತ್ತದೆ, ಇದು ಕೋಣೆಯಲ್ಲೇ ಬಿಡುತ್ತದೆ. ಆವಿ ನೀರಾಗುವಾಗ ಬಿಡುವ ಶಾಖವೂ ಒಳಗೇ, ಯಂತ್ರ ತಿನ್ನುವ ವಿದ್ಯುತ್ತಿನ ಶಾಖವೂ ಒಳಗೇ. ನನ್ನ ಕೋಣೆ ರಾತ್ರಿ 30ರಿಂದ 32 ಡಿಗ್ರಿಗೆ ಏರಿತು, ತೇವ 80ರಿಂದ 50ಕ್ಕೆ ಇಳಿಯಿತು. ಫ್ಯಾನ್ ಇಲ್ಲದೆ ಇದು ಹಿಂಸೆ. ಫ್ಯಾನ್ ಹಾಕಿದರೆ ಬೆವರು ಆರಿ ಮೈ ಹಗುರವಾಗುತ್ತದೆ. 30 ಡಿಗ್ರಿಯ ಜಿಗುಟಿಗಿಂತ 32ರ ಒಣ ಗಾಳಿಯೇ ನನಗೆ ಹಿತ. ನನ್ನ ತಾಯಿಗೆ ಮಾತ್ರ ಒಗ್ಗಲಿಲ್ಲ. ಗಂಟಲು ಒಣಗುತ್ತದೆ, ಬಿಸಿ ಆಗುತ್ತದೆ ಅಂದರು. ಅವರ ಕೋಣೆಯಿಂದ ತೆಗೆದುಬಿಟ್ಟೆ. ಎಸಿ ಹಾಕಲು ಆಗುವವರು ಬರೀ ಮೈಯ ಸುಖಕ್ಕೆ ಇದನ್ನು ಕೊಳ್ಳುವುದು ಬೇಡ. ಬಟ್ಟೆ ಒಣಗಿಸಲು, ಪುಸ್ತಕ, ಹಾಸಿಗೆ, ಕಪಾಟು ಉಳಿಸಲು ಇದು ಬಹಳ ಒಳ್ಳೆಯದು. ತೇವ 60 ಶೇಕಡಾ ಒಳಗಿದ್ದರೆ ಬೂಷ್ಟಿಗೆ ಬೆಳೆಯಲು ಕಷ್ಟ. ನಾನು 55ಕ್ಕೆ ಇಟ್ಟಿದ್ದೇನೆ, ಅದಕ್ಕಿಂತ ಕೆಳಗೆ ಇಳಿಸಿದರೆ ವಿದ್ಯುತ್ ಖರ್ಚು, ಲಾಭ ಇಲ್ಲ.

ನನ್ನದು 200 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಎಂಟು ಗಂಟೆಗೆ ಒಂದೂ ಮುಕ್ಕಾಲು ಯೂನಿಟ್ ಆಗುತ್ತದೆ. ಹಳೇ ಫ್ರಿಜ್ಜಿನಷ್ಟು ಸದ್ದು. ಬಾಗಿಲು ಕಿಟಕಿ ಮುಚ್ಚದಿದ್ದರೆ ಹೊರಗಿನ ಗಾಳಿಯನ್ನೇ ಒಣಗಿಸುತ್ತ ಕೂರುತ್ತದೆ, ಸುಮ್ನೆ ದಂಡ. ಹಾಗಂತ ಇಡೀ ದಿನ ಮುಚ್ಚಬೇಡಿ, ಉಸಿರಾಡಲು ಹೊಸ ಗಾಳಿ ಬೇಕು. ಎರಡು ವಾರಕ್ಕೊಮ್ಮೆ ಜಾಲರಿಯ ಧೂಳು ತೆಗೆಯಬೇಕು, ತೊಟ್ಟಿ ಉಜ್ಜಬೇಕು, ಇಲ್ಲದಿದ್ದರೆ ಅಲ್ಲೇ ಲೋಳೆ ಕಟ್ಟುತ್ತದೆ. ಮೊದಲು ಬಂದ ಯಂತ್ರ ನಾಲ್ಕನೇ ದಿನಕ್ಕೇ ತೊಟ್ಟಿಯ ಅಂಚಿನಿಂದ ಸೋರಿ ನೆಲವೆಲ್ಲ ನೀರು ಮಾಡಿತ್ತು. ಬದಲಿಸಿಕೊಡಲು ಅಂಗಡಿಯವರು ಮೂರು ವಾರ ಓಡಾಡಿಸಿದರು. ತಂದ ಕೂಡಲೇ ತೊಟ್ಟಿ ಪೂರ್ತಿ ತುಂಬಿಸಿ ಒಂದು ಗಂಟೆ ಬಟ್ಟೆಯ ಮೇಲಿಟ್ಟು ನೋಡಿ. ನಾನು ನೋಡಿರಲಿಲ್ಲ.

ಬಟ್ಟೆ ಕಪಾಟಿಗೆ ಅಂತ ನೇತುಹಾಕುವ ಚೀಲಗಳು, ಡಬ್ಬಿಗಳು ಸಿಗುತ್ತವೆ. ಹೆಚ್ಚಿನವುಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ತೇವ ಎಳೆದು ತಾನೇ ಕರಗಿ ಉಪ್ಪುನೀರಾಗುತ್ತದೆ. ಮುಚ್ಚಿದ ಕಪಾಟಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ನೀರು ಚರ್ಮದ ಬೆಲ್ಟಿನ ಮೇಲೆ ಚೆಲ್ಲಿ ಬೆಲ್ಟು ಮುದುಡಿ ಹೋಯಿತು. ಕೆಳಗಿನ ಖಾನೆಯಲ್ಲಿ, ಒಂದು ತಟ್ಟೆಯ ಮೇಲೆ ಇಡಿ.

ಫ್ಯಾನ್ ಬಗ್ಗೆ ಒಂದೇ ಮಾತು. ಇದರಷ್ಟು ಕಡಿಮೆ ವಿದ್ಯುತ್ತಿನಲ್ಲಿ ಬೆವರು ಆರಿಸುವ ಸಾಮಾನು ಬೇರೊಂದಿಲ್ಲ. ಆದರೆ ಗಾಳಿಯೇ 40 ಡಿಗ್ರಿ ದಾಟಿದರೆ ಫ್ಯಾನ್ ಮೈಯನ್ನು ಬಿಸಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ದಿನ ಮೈಮೇಲೆ ನೀರು ಚಿಮುಕಿಸಿಕೊಳ್ಳಿ, ತಂಪಾದ ಜಾಗಕ್ಕೆ ಹೋಗಿ.

ಹೊಸದಾಗಿ ಇಂಥ ಹವೆಗೆ ಬಂದವರು ಮೊದಲ ವಾರವೇ ಎದೆಗುಂದಿ ಸಿಕ್ಕಿದ್ದೆಲ್ಲ ಕೊಳ್ಳಬೇಡಿ. ಒಂದರಿಂದ ಎರಡು ವಾರದಲ್ಲಿ ಮೈ ಒಗ್ಗಿಕೊಳ್ಳುತ್ತದೆ. ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಒಗ್ಗಿದ ಮೇಲೆ ನಿಮಗೆ ನಿಜವಾಗಿ ಏನು ಬೇಕು ಅಂತ ತಿಳಿಯುತ್ತದೆ. ತೊಡೆಸಂದಿನಲ್ಲಿ ತುರಿಕೆ, ಉಂಗುರದಂಥ ಕೆಂಪು ಬಂದರೆ ಮಾತ್ರ ಕಾಯಬೇಡಿ. ಅದು ಹುಳುಕಡ್ಡಿ ಇರಬಹುದು. ಸ್ಟಿರಾಯ್ಡ್ ಬೆರೆತ ಮುಲಾಮನ್ನು ಯಾರೋ ಹೇಳಿದರು ಅಂತ ಹಚ್ಚಿದರೆ ಎರಡು ದಿನ ತುರಿಕೆ ಇಳಿದು ಆಮೇಲೆ ಇಮ್ಮಡಿ ಹರಡುತ್ತದೆ. ನನ್ನ ತಮ್ಮ ಹೀಗೆ ಮಾಡಿಕೊಂಡು ನಾಲ್ಕು ತಿಂಗಳು ಒದ್ದಾಡಿದ.

ಕೊನೆಯದಾಗಿ ಕೊಂಡದ್ದು ಇನ್ನೊಂದು ಜೊತೆ ಬೂಟು. ವಿಶೇಷ ಬೂಟು ಏನಲ್ಲ, ಮೊದಲಿದ್ದದ್ದೇ ಇನ್ನೊಂದು. ದಿನವೆಲ್ಲ ನಿಂತು ಪಾಠ ಮಾಡುವ ಕಾಲಿನ ಬೆವರನ್ನು ಕುಡಿದ ಬೂಟು ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಮೊದಲು ಪ್ರತಿದಿನ ಹಸಿ ಬೂಟಿಗೇ ಕಾಲು ಹಾಕುತ್ತಿದ್ದೆ, ಬೆರಳ ಸಂದು ಬೆಳ್ಳಗೆ ನೆನೆದು ಸುಲಿಯುತ್ತಿತ್ತು. ಈಗ ಒಂದು ಜೊತೆ ಹಾಕಿದರೆ ಇನ್ನೊಂದರೊಳಗೆ ಹಳೇ ಪತ್ರಿಕೆ ತುರುಕಿ, ಬೂಟಿನ ನಾಲಿಗೆ ಹೊರಗೆಳೆದು ಫ್ಯಾನಿನ ಕೆಳಗೆ ಇಡುತ್ತೇನೆ. ಸ್ನಾನ ಆದ ಮೇಲೆ ಬೆರಳ ಸಂದುಗಳನ್ನು ಬೇರೆ ಬಟ್ಟೆಯಲ್ಲಿ ಒರೆಸುತ್ತೇನೆ. ಎರಡು ವಾರಕ್ಕೆ ಚರ್ಮ ಸರಿಯಾಯಿತು. ಇದನ್ನು ಬರೆಯುವ ಹೊತ್ತಿಗೆ ಕಂದು ಜೊತೆ ಫ್ಯಾನಿನ ಕೆಳಗಿದೆ. ನಾಳೆ ಅದರ ಸರದಿ.